ಇಪ್ಪತ್ತು ಬೆಳಗಿನ ಮೊದಲ ಬಾಣ

ಚಿಗರಿಗೆ, ಅಂದರೆ ನಮ್ಮ ಬಯಲುಸೀಮೆಯ ಜಿಂಕೆಗೆ, ಬಾಣ ಬಿಡುವ ಮೊದಲು ಒಬ್ಬನ ಗುರಿ ಎಷ್ಟು ಪಕ್ಕಾ ಇರಬೇಕು? ರಾಯದುರ್ಗದ ನಮ್ಮ ಕೇರಿಯಲ್ಲಿ ಇದಕ್ಕೆ ಒಂದೇ ಉತ್ತರವಿತ್ತು: ಇಪ್ಪತ್ತು. ಇಪ್ಪತ್ತು ಬಾಣವಲ್ಲ, ಇಪ್ಪತ್ತು ಬೆಳಗು. ಮೂವತ್ತು ಹೆಜ್ಜೆ ದೂರದಲ್ಲಿ ಕೆರೆ ಏರಿಗೆ ಒಂದು ಸಗಣಿ ಕುಳ್ಳನ್ನು ಆನಿಸಿ ಇಡುವುದು. ಅದರ ನಡುವೆ ಸುಣ್ಣದಲ್ಲಿ ಅಂಗೈ ಅಗಲದ ಒಂದು ಬಳೆ ಬರೆಯುವುದು. ಬೆಳಿಗ್ಗೆ ಎದ್ದು, ಮುಖ ತೊಳೆದು, ಮೂವತ್ತು ಹೆಜ್ಜೆಯ ಗೆರೆಯ ಮೇಲೆ ನಿಂತು, ತಣ್ಣಗಿನ ಕೈಯಲ್ಲೇ ಬಿಲ್ಲಿಗೆ ಹೆದೆ ಏರಿಸಿ ಒಂದೇ ಒಂದು ಬಾಣ ಬಿಡುವುದು. ಬಳೆಯೊಳಗೆ ನಾಟಿದರೆ ಅವತ್ತಿಗೆ ಒಂದು. ಮರುದಿನ ಇನ್ನೊಂದು. ಹತ್ತೊಂಬತ್ತನೆಯ ದಿನ ಹೊರಗೆ ಬಿದ್ದರೂ ಮತ್ತೆ ಒಂದರಿಂದ ಶುರು ಮಾಡಬೇಕು.

ದಿನಕ್ಕೆ ಒಂದೇ ಬಾಣ ಯಾಕೆ ಎಂದು ಕೇಳುವವರಿದ್ದಾರೆ. ಹತ್ತು ಬಾಣ ಬಿಟ್ಟು ತೋಳು ಬೆಚ್ಚಗಾದ ಮೇಲೆ ಯಾವ ಸೋಮಾರಿ ಬೇಕಾದರೂ ಗುರಿ ಹೊಡೆಯುತ್ತಾನೆ. ಚಿಗರಿ ನಿಮಗೆ ಹತ್ತು ಬಾಣದ ಪುರುಸೊತ್ತು ಕೊಡುತ್ತದೆಯೇ? ಎತ್ತಿನ ಮರೆಯಲ್ಲಿ ಒಂದು ತಾಸು ಬಗ್ಗಿ ನಡೆದು, ಸೊಂಟ ಹಿಡಿದು, ಬೆರಳು ಮರಗಟ್ಟಿದಾಗ ಒಂದೇ ಒಂದು ಸಲ ಹೆದೆ ಎಳೆಯಲು ಸಿಗುತ್ತದೆ. ಆ ಒಂದು ಬಾಣದ ಗುರಿಯೇ ನಿಮ್ಮ ಗುರಿ. ಮಿಕ್ಕಿದ್ದೆಲ್ಲ ಹಬ್ಬದ ದಿನ ಹೆಂಗಸರ ಮುಂದೆ ತೋರಿಸುವ ಆಟ.

ಇನ್ನೊಂದು ಕಟ್ಟುಪಾಡು ಇತ್ತು. ಬಾಣ ಬಿಟ್ಟವನು ಗೆರೆಯಿಂದ ಕದಲುವಂತಿಲ್ಲ. ಕುಳ್ಳಿನ ಹತ್ತಿರ ನಿಂತು ನೋಡುವವನು ಬೇರೆ ಒಬ್ಬ. ತನ್ನ ಬಾಣವನ್ನು ತಾನೇ ನೋಡಿದರೆ ಕಣ್ಣು ತನ್ನ ಪರವಾಗಿ ವಾದ ಹೂಡುತ್ತದೆ ಎಂದು ಹಿರಿಯರು ಹಾಗೆ ಮಾಡಿದ್ದರು. ನೋಡುವವನು ಬಗ್ಗಿ ನೋಡಿ ‘ಒಳಗ’ ಎಂದೋ ‘ಹೊರಗ’ ಎಂದೋ ಕೂಗುತ್ತಾನೆ, ಬಾಣ ಕಿತ್ತು ತಂದು ಕೊಡುತ್ತಾನೆ, ಕುಳ್ಳು ಅವನ ಮನೆಯ ಒಲೆಗೆ ಹೋಗುತ್ತದೆ. ಮುಂಜಾನೆಯ ಮಬ್ಬಿನಲ್ಲಿ ಮೂವತ್ತು ಹೆಜ್ಜೆಯಿಂದ ಸುಣ್ಣದ ಬಳೆ ಕಂಡರೆ ಹೆಚ್ಚು. ಬಾಣ ಅದರ ಯಾವ ಕಡೆ ಇದೆ ಎಂಬುದಕ್ಕೆ ನೋಡುವವನ ಬಾಯಿಯೇ ಸಾಕ್ಷಿ.

ನನ್ನ ಇಪ್ಪತ್ತು ಬೆಳಗನ್ನು ನೋಡಿದವರು ನನ್ನ ಸೋದರಮಾವ. ಬಿಲ್ಲು ಹಿಡಿಯಲು ಕಲಿಸಿದವರೂ ಅವರೇ. ಬಿದಿರು ಸೀಳುವುದು, ಪುಂಡಿ ನಾರಿನಿಂದ ಹೆದೆ ಹೊಸೆಯುವುದು, ಗರಿ ಕಟ್ಟುವುದು, ಎಲ್ಲವೂ ಅವರ ಕೈಯಿಂದ ನನ್ನ ಕೈಗೆ ಬಂದದ್ದು. ಅವರ ಮಾತೆಂದರೆ ನನಗೆ ಕಲ್ಲಿನ ಮೇಲೆ ಬರೆದ ಹಾಗೆ ಇತ್ತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಆಗಿನ್ನೂ ಮದ್ರಾಸ್ ಸರ್ಕಾರ. ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮಡಕಶಿರ ಅನಂತಪುರದಲ್ಲಿ. ಎಲ್ಲ ಕಡೆ ಸೇಂಗಾ ಬಿತ್ತನೆ ಹೆಚ್ಚಾಗಿತ್ತು, ಅದರ ಹಿಂದೆಯೇ ಚಿಗರಿಗಳ ಕಾಟವೂ ಹೆಚ್ಚಾಗಿತ್ತು. ಬಂದೂಕಿನ ಲೈಸೆನ್ಸ್ ಸಿಗುವುದು ದೊಡ್ಡವರಿಗೆ ಮಾತ್ರ. ಹಾಗಾಗಿ ಹಳ್ಳಿಯವರು ನಮ್ಮಂಥ ಬಿಲ್ಲಿನವರನ್ನು ಕರೆಸುತ್ತಿದ್ದರು. ಗುಂಪಿನ ಮುಂದಾಳಾದ ಗಂಡು ಚಿಗರಿಗಳನ್ನು ನಾಲ್ಕೈದು ಹೊಡೆದರೆ ಉಳಿದವು ಆ ಹೊಲ ಬಿಟ್ಟು ಬೇರೆ ಕಡೆ ಹೋಗುತ್ತವೆ. ಬೆಳುಗುಪ್ಪದ ಸುತ್ತ ನಾನು ಆರೇಳು ವರ್ಷ ಈ ಕೆಲಸ ಮಾಡಿದ್ದೆ. ಆ ವರ್ಷ ದೀಪಾವಳಿಗೆ ಮುಂಚೆ ಮಡಕಶಿರದ ಕಡೆಯಿಂದ, ಅಗಳಿಯ ಹತ್ತಿರದ ಒಂದು ಹಳ್ಳಿಯಿಂದ ಕರೆ ಬಂತು. ಇಬ್ಬರು ಬೇಕು ಎಂದು ಹೇಳಿ ಕಳಿಸಿದ್ದರು.

ಎರಡನೆಯವನು ಯಾರು? ಮಾವ ತಮ್ಮ ಮಗನನ್ನು ಮುಂದೆ ಮಾಡಿದರು. ನನಗಿಂತ ನಾಲ್ಕು ವರ್ಷ ಚಿಕ್ಕವನು, ಮದುವೆಯಾಗಿ ಒಂದು ಮಗುವಿನ ತಂದೆ. ಒಳ್ಳೆ ಕಟ್ಟುಮಸ್ತಾದ ಆಳು. ಹೊಲದ ಕೆಲಸ ಬೇಸರ, ಬಿಲ್ಲು ಹಿಡಿಯಬೇಕೆಂಬ ಹುಚ್ಚು.

“ಇವನ ಇಪ್ಪತ್ತು ನೀ ನೋಡು. ನನಗ ದೂರದ್ದು ಮಂಜ್ ಮಂಜ್ ಕಾಣ್ತದ. ಮಗ ಅಂತ ನಾ ಒಳಗ ಅಂದ್ರ ಕೇರ್ಯಾಗ ಯಾರೂ ನಂಬಂಗಿಲ್ಲ. ನೀ ಅಂದ್ರ ನಂಬ್ತಾರ” ಎಂದರು ಮಾವ.

ಆ ಮಾತಿಗೆ ನಾನು ಉಬ್ಬಿಹೋದೆ, ಪೆದ್ದ!

ಮರುದಿನದಿಂದ ಶುರುವಾಯಿತು. ನಾನು ನಸುಕಿಗೆ ಎದ್ದು ಏರಿಯ ಹತ್ತಿರ ಹೋಗಿ ಕುಳ್ಳು ಇಟ್ಟು ಬಳೆ ಬರೆದು ಕಾಯುತ್ತಿದ್ದೆ. ಅವನು ಬರುತ್ತಿದ್ದ, ಗೆರೆಯ ಮೇಲೆ ನಿಲ್ಲುತ್ತಿದ್ದ, ಬಾಣ ಬಿಡುತ್ತಿದ್ದ. ಒಳಗ. ಮರುದಿನವೂ ಒಳಗ. ಐದು, ಎಂಟು, ಹದಿಮೂರು. ಬಾಣ ಎಂದೂ ಬಳೆಯ ಅಂಚಿಗೂ ಬೀಳಲಿಲ್ಲ, ನಡುವಿನಲ್ಲೇ ನಾಟುತ್ತಿತ್ತು. ಇಂಥ ಕೈ ನಾನು ಕಂಡಿರಲಿಲ್ಲ. ಇಪ್ಪತ್ತನೆಯ ಬೆಳಗು ‘ಒಳಗ’ ಎಂದು ಕೂಗಿದೆ. ಓಡಿ ಹೋಗಿ ಅವನನ್ನು ತಬ್ಬಿಕೊಂಡೆ. ಅವನ ಕುತ್ತಿಗೆ ಬೆವರಿ ಒದ್ದೆಯಾಗಿತ್ತು.

ಕಾರ್ತಿಕದ ಬೆಳಗಿನ ಚಳಿಯಲ್ಲಿ ಬೆವರು! ಅದೂ ಅಲ್ಲದೆ ಅವನು ದಿನವೂ ಬಿಲ್ಲಿಗೆ ಹೆದೆ ಏರಿಸಿಕೊಂಡೇ ಬರುತ್ತಿದ್ದ. ಗೆರೆಯ ಮೇಲೆ ನಿಂತು ಏರಿಸಬೇಕಾದ ಹೆದೆ. ಎರಡನ್ನೂ ಕಂಡೆ. ಹುಡುಗನಿಗೆ ಎಷ್ಟು ಉಮೇದು ನೋಡು ಎಂದುಕೊಂಡು ಸುಮ್ಮನಾದೆ.

ರಾಯದುರ್ಗದಿಂದ ಆ ಹಳ್ಳಿಗೆ ಐದು ದಿನದ ನಡಿಗೆ. ಸಿಕ್ಕಲ್ಲಿ ಗಾಡಿ ಹತ್ತಿದೆವು, ಮಿಕ್ಕಂತೆ ಕಾಲೇ ಗತಿ. ಹೇಮಾವತಿಯಲ್ಲಿ ಸಿದ್ದಪ್ಪನ ಗುಡಿಗೆ ಕೈ ಮುಗಿದು, ಅಲ್ಲಿಂದ ಅರ್ಧ ದಿನದಲ್ಲಿ ಊರು ಸೇರಿದೆವು. ಊರಗೌಡರು ಅರಳಿಕಟ್ಟೆಯ ಮೇಲೆ ಕೂತಿದ್ದರು. ಒಣಕಲು ಮೈಯ ಮುದುಕರು. ನಮ್ಮ ಬಿಲ್ಲುಗಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

“ನೋಡ್ರಪ್ಪಾ, ಮೊದ್ಲೇ ಹೇಳ್ಬಿಡ್ತೀನಿ. ನಮ್ಮೂರಿಗೆ ನೀರಿಗಂತ ಇರೋದು ಒಂದೇ ಕುಂಟೆ. ಕುಡಿಯಾಕೂ ಅದೇ, ದನಕ್ಕೂ ಅದೇ. ಹೋದ್ ವರ್ಷ ಯಾರೋ ಬಂದೂಕ ಹಿಡ್ಕಂಡು ಬಂದಿದ್ರು. ಒಂದು ಜಿಂಕೆಗೆ ಗಾಯ ಮಾಡಿ ಬಿಟ್ಬಿಟ್ರು. ಅದು ನೀರು ಹುಡಿಕ್ಕಂಡು ಬಂದು ಕುಂಟೆನಾಗೇ ಸತ್ತು ಕೊಳ್ತೋಯ್ತು. ಒಂದು ತಿಂಗ್ಳು ನಮ್ಮ ಹೆಣ್ಮಕ್ಳು ಎರಡು ಮೈಲಿ ನೀರು ಹೊತ್ರು ಕಣಪ್ಪಾ. ಹೊಡುದ್ರೆ ಬೀಳ್ಬೇಕು. ಗಾಯ ಆಗಿ ಒಂದೂ ಹೋಗ್ಕೂಡ್ದು. ನಿಮ್ಮ ಗುರಿ ಹೆಂಗೈತೆ?”

ನಾನು ಇಪ್ಪತ್ತು ಬೆಳಗಿನ ವಿಷಯ ಹೇಳಿದೆ. ಗೌಡರು ತಲೆದೂಗಿದರು.

“ನಿಂದಾಯ್ತು. ಇವಂದು?”

“ಇಪ್ಪತ್ತಕ್ಕ ಇಪ್ಪತ್ತೂ ಒಳಗ್ರಿ ಗೌಡ್ರ. ನಾನ ನಿಂತು ನೋಡೀನ್ರಿ.”

“ಆಮೇಲೆ ಹೆಚ್ಚುಕಮ್ಮಿ ಆದ್ರೆ?”

“ಆದ್ರ ಈ ಸೀಮೆಗೆ ಮತ್ತ ನಮ್ಮ ಬಿಲ್ಲು ಬರಂಗಿಲ್ರಿ” ಎಂದೆ. ಹೇಳಿ ಬಿಲ್ಲನ್ನು ಕಣ್ಣಿಗೆ ಒತ್ತಿಕೊಂಡೆ. ಇದು ನಾಟಕದ ಮಾತಲ್ಲ. ಒಂದು ಊರಿನಲ್ಲಿ ಹೆಸರು ಕೆಟ್ಟರೆ ಸುತ್ತಲಿನ ಹತ್ತು ಊರು ಬಾಗಿಲು ಹಾಕುತ್ತವೆ. ಬೆಳುಗುಪ್ಪದ ಕಡೆ ಚಿಗರಿ ಕಡಿಮೆಯಾಗುತ್ತಿದ್ದವು. ನಮ್ಮ ಕೇರಿಯ ಎಂಟು ಮನೆಗೆ ಮುಂದಿನ ವರ್ಷಗಳ ಅನ್ನ ಈ ಮಡಕಶಿರ ಸೀಮೆಯಲ್ಲೇ ಇತ್ತು. ನನ್ನ ಬಾಯಿಂದ ಬಂದ ಆ ಒಂದು ಮಾತಿನ ಮೇಲೆ ಎಲ್ಲವೂ ನಿಂತಿತ್ತು.

ಗೌಡರು ಒಂದು ಸಾಧು ಎತ್ತು ಕೊಟ್ಟರು. ಬಟ್ಟಂಬಯಲಿನಲ್ಲಿ ಚಿಗರಿಗೆ ಮನುಷ್ಯ ಅರ್ಧ ಮೈಲಿಯಿಂದಲೇ ಕಾಣುತ್ತಾನೆ. ದನ ಕಂಡರೆ ಅದಕ್ಕೆ ಅಂಜಿಕೆಯಿಲ್ಲ. ಎತ್ತಿನ ಪಕ್ಕೆಗೆ ಮೈ ಅಂಟಿಸಿ, ಅದರ ಮುಂಗಾಲಿನ ಜೊತೆ ನಮ್ಮ ಕಾಲನ್ನೂ ಇಡುತ್ತ ಹೋಗಬೇಕು. ನೆಟ್ಟಗೆ ಹೋಗಬಾರದು, ಮೇಯುತ್ತ ಮೇಯುತ್ತ ಓರೆಯಾಗಿ ಸಾಗಬೇಕು. ಎತ್ತಿಗೆ ಅವಸರ ಮಾಡಿದರೆ ಕಿವಿ ನಿಮಿರಿಸುತ್ತದೆ, ಚಿಗರಿ ಅದನ್ನು ನೋಡಿಯೇ ಹಾರುತ್ತದೆ. ಮೂವತ್ತು ಹೆಜ್ಜೆಗೆ ಬಂದ ಮೇಲೂ ಕಾಯಬೇಕು. ಚಿಗರಿ ಅಡ್ಡ ನಿಲ್ಲಬೇಕು. ನಮ್ಮ ಕಡೆಯ ಮುಂಗಾಲು ಮುಂದಕ್ಕೆ ಇಟ್ಟಿರಬೇಕು. ಆಗ ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಒಂದು ಹಿಡಿ ಮೇಲೆ, ಅಂಗೈ ಅಗಲದ ಜಾಗ ತೆರೆದುಕೊಳ್ಳುತ್ತದೆ. ಸುಣ್ಣದ ಬಳೆಯನ್ನು ಅಂಗೈ ಅಗಲಕ್ಕೆ ಬರೆಯುವುದು ಅದಕ್ಕಾಗಿಯೇ.

ಮೊದಲ ದಿನ ನಾನು ಹೋದೆ. ಒಂದು ಗಂಡು ಬಿತ್ತು, ಇಪ್ಪತ್ತು ಮಾರು ಕೂಡ ಓಡಲಿಲ್ಲ. ಎರಡನೆಯ ದಿನ ಅವನ ಸರದಿ. ಬೆಳಿಗ್ಗೆ ಎದ್ದವನೇ ಹೊಟ್ಟೆ ಹಿಡಿದುಕೊಂಡ.

“ಭಾವ, ಹೊಟ್ಟ್ಯಾಗ ಒಂಥರಾ ಆಗ್ತದ. ಇವತ್ತು ನೀನ ಹೋಗು.”

ನಾನೇ ಹೋದೆ. ಇನ್ನೊಂದು ಬಿತ್ತು. ಊರಿಗೆ ಮಾಂಸ ಹಂಚಿದರು, ಹೆಂಗಸರು ನಮ್ಮನ್ನು ಕಂಡರೆ ನಗತೊಡಗಿದರು. ಮೂರನೆಯ ದಿನ ಅವನು ಇನ್ನೊಂದು ರಾಗ ಎಳೆದ.

“ಕಣದ ಹಿಂದ ಒಂದು ನಾಕು ಬಾಣ ಬಿಟ್ಟು ಹೋಗ್ಲೇನು ಭಾವ? ಕೈ ಸ್ವಲ್ಪ ಸಡಲ ಆಗ್ತದ.”

“ಹುಚ್ಚನೇನಲೇ ನೀನು? ಬೆಳಕು ಹರದ್ರ ಚಿಗರಿ ಹೊಲ ಬಿಟ್ಟು ಬಯಲಿಗೆ ಹೋಗ್ತಾವ. ನಾಕು ಬಾಣ ಅಂತ ನಾಕು! ಇಪ್ಪತ್ತು ದಿನ ಒಂದರಾಗ ಹೊಡದಿಯಲ್ಲ, ನಡಿ” ಎಂದು ಗದರಿದೆ. ಅವನು ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಆಗಲಾದರೂ ಹೇಳಬಹುದಿತ್ತು.

ನಾನು ಹೊಲದ ಬದುವಿನ ಜಾಲಿ ಮರದ ಕೆಳಗೆ ಕೂತು ನೋಡುತ್ತಿದ್ದೆ. ಎತ್ತನ್ನು ಅವನು ಚೆನ್ನಾಗಿಯೇ ನಡೆಸಿದ. ಗುಂಪಿನ ದೊಡ್ಡ ಗಂಡು, ಕಪ್ಪು ಬೆನ್ನಿನದು, ಸೇಂಗಾ ಬಳ್ಳಿ ಕೀಳುತ್ತ ಅಡ್ಡ ನಿಂತಿತ್ತು. ಅವನು ಮೂವತ್ತು ಹೆಜ್ಜೆಗೆ ಬಂದು ನಿಂತ. ಹೆದೆ ಎಳೆದದ್ದು ಕಂಡಿತು. ಎಳೆತ ಕಿವಿಯವರೆಗೆ ಬರಲಿಲ್ಲ, ಗದ್ದದ ಹತ್ತಿರವೇ ಬಿಟ್ಟುಬಿಟ್ಟ.

ಬಾಣ ಪಕ್ಕೆಲುಬಿಗೆ ತಾಗಿದರೆ ಕಟ್ಟಿಗೆ ಸೀಳಿದ ಹಾಗೆ ‘ಟಕ್’ ಎನ್ನುತ್ತದೆ. ನನಗೆ ಕೇಳಿಸಿದ್ದು ‘ದಬ್’ ಎಂಬ ಪೊಳ್ಳು ಸದ್ದು. ಉಳಿದವೆಲ್ಲ ನೆಗೆದು ಓಡಿದವು. ಆ ಗಂಡು ಮಾತ್ರ ಬೆನ್ನನ್ನು ಗೂನು ಮಾಡಿ, ಬಾಲ ಒಳಗೆ ಸೇರಿಸಿ, ಮೆಲ್ಲಗೆ ನಡೆದುಕೊಂಡು ಹೋಯಿತು. ಅಯ್ಯೋ ಶಿವನೇ ಎಂದು ತಲೆ ಚಚ್ಚಿಕೊಂಡೆ. ಹೊಟ್ಟೆಗೆ ಬಿದ್ದ ಬಾಣದ ಗುರುತು ಅದು. ಒಂದು ಗೇಣು ಹಿಂದೆ, ನಾಲ್ಕು ಬೆರಳು ಕೆಳಗೆ.

ಚಿಗರಿ ನಿಂತಿದ್ದ ಜಾಗದಲ್ಲಿ ರಕ್ತ ನೋಡಿದೆ. ಕೆಂಪಗೆ ನೊರೆ ನೊರೆಯಾಗಿದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಇದು ಕಪ್ಪಗಿತ್ತು, ಅದರಲ್ಲಿ ಅಗಿದ ಸೊಪ್ಪಿನ ಹಸಿರು ಸೇರಿತ್ತು. ಹೊಟ್ಟೆಯ ಗಾಯದ ಚಿಗರಿಯ ಬೆನ್ನು ಕೂಡಲೇ ಹತ್ತಿದರೆ ಅದು ಮೈಲಿಗಟ್ಟಲೆ ಓಡುತ್ತದೆ. ಬಿಟ್ಟರೆ ಒಂದಷ್ಟು ದೂರ ಹೋಗಿ ಮಲಗುತ್ತದೆ. ಅಲ್ಲೇ ಕೂತು ಹೊತ್ತು ನೆತ್ತಿಗೇರುವವರೆಗೆ ಕಾದೆವು. ಅವನು ಒಂದೇ ಸಮನೆ ಮಾತಾಡುತ್ತಿದ್ದ.

“ಎತ್ತು ಅಲುಗಾಡ್ತು ಭಾವ.”

“ಎತ್ತು ಅಲುಗಾಡಿಲ್ಲ.”

“ಹಂಗಾದ್ರ ಗಾಳಿ.”

“ಗಾಳಿ ಎಲ್ಲಿತ್ತಲೇ? ಬಾಯಿ ಮುಚ್ಚು.”

ಮಧ್ಯಾಹ್ನದ ಮೇಲೆ ಹೆಜ್ಜೆ ಹಿಡಿದೆವು. ರಕ್ತದ ಹನಿ ಹತ್ತು ಮಾರಿಗೊಂದು, ಆಮೇಲೆ ಐವತ್ತು ಮಾರಿಗೊಂದು. ಒಣಗಿದ ಹುಲ್ಲಿನ ಕಡ್ಡಿಯ ಮೇಲೆ, ಮೊಣಕಾಲಿನ ಎತ್ತರದಲ್ಲಿ ಒರೆಸಿದ ಗುರುತು. ಎರಡು ಕಡೆ ಮಲಗಿ ಎದ್ದಿತ್ತು. ಪುಣ್ಯಕ್ಕೆ ಕುಂಟೆಯ ಕಡೆ ತಿರುಗಿರಲಿಲ್ಲ, ಪಡುವಣಕ್ಕೆ ಹೋಗಿತ್ತು. ಹೊತ್ತು ಇಳಿಯುವ ವೇಳೆಗೆ ಒಂದು ಗಡಿಕಲ್ಲಿನ ಹತ್ತಿರ ಬಂದೆವು. ಕಲ್ಲಿನ ಆಚೆ ಮೈಸೂರು ಸೀಮೆ. ಅಲ್ಲಿ ಅಪ್ಪಣೆಯಿಲ್ಲದೆ ಬಿಲ್ಲು ಹಿಡಿದು ಸಿಕ್ಕಿಬಿದ್ದರೆ ಮಹಾರಾಜರ ಅಮಲ್ದಾರರು ಕೇಳುವುದು ಒಂದೇ ಪ್ರಶ್ನೆ, ಹಾಕುವುದು ಒಂದೇ ಜಾಗಕ್ಕೆ. ರಕ್ತದ ಹನಿ ಕಲ್ಲಿನ ಬುಡದಲ್ಲೇ ಇತ್ತು, ಮುಂದಕ್ಕೂ ಇತ್ತು.

“ಸಾಕು ಭಾವ. ಅದು ನಮ್ಮ ಸೀಮೆ ಅಲ್ಲ. ಹಿಂದಕ್ಕ ಹೋಗೋಣು. ಬಾಣ ತಗಲ್ಲಿಲ್ಲ, ತಪ್ಪಿಹೋತು ಅಂತ ಗೌಡ್ರಿಗೆ ಹೇಳಿದ್ರಾತು. ಯಾರು ನೋಡ್ಯಾರ?”

ಅವನು ಬಾಣ ತಪ್ಪಿಸಿದ್ದಕ್ಕಿಂತ ಈ ಮಾತಿಗೆ ನನಗೆ ರೇಗಿತು. ಒಂದು ಕ್ಷಣ ಕೈ ಎತ್ತಿದೆ ಕೂಡ. ಹೊಡೆಯಲಿಲ್ಲ. ಗೌಡರಿಗೆ ಕೊಟ್ಟ ಮಾತು ಗಾಯದ ಪ್ರಾಣಿ ಉಳಿಯುವುದಿಲ್ಲ ಎಂದಲ್ಲವೇ? ಹೊಟ್ಟೆಗೆ ಬಾಣ ಸಿಕ್ಕಿಸಿಕೊಂಡ ಪ್ರಾಣಿ ಎರಡು ದಿನ ಸಾಯದೆ ನರಳುತ್ತದೆ. ಯಾವ ಸೀಮೆಯಾದರೇನು? ಬಿಲ್ಲು, ಬಾಣ ಎಲ್ಲವನ್ನೂ ಗಡಿಕಲ್ಲಿನ ಹತ್ತಿರ ಅವನ ಕೈಗೆ ಕೊಟ್ಟೆ. ಬಿಲ್ಲಿಲ್ಲದವನನ್ನು ಬೇಟೆಗಾರ ಎಂದು ಯಾರೂ ಹಿಡಿಯಲಾರರು. ಸೊಂಟದಲ್ಲಿ ಒಂದು ಕತ್ತಿ ಸಿಕ್ಕಿಸಿಕೊಂಡೆ. “ನಾ ಬರೋತನಕ ಇಲ್ಲೇ ಇರು” ಎಂದು ಹೇಳಿ ದಾಟಿದೆ.

ಕತ್ತಲಾಗುವ ಮೊದಲು ಸಿಗಲಿಲ್ಲ. ಅಲ್ಲಿ ಕುರಿಹಟ್ಟಿ ಹಾಕಿದ್ದ ಒಬ್ಬ ಮುದುಕ ರಾಗಿ ಮುದ್ದೆ ಕೊಟ್ಟು ಮಲಗಲು ಕಂಬಳಿ ಕೊಟ್ಟ. ವಿಷಯ ಹೇಳಿದೆ. ಬೆಳಿಗ್ಗೆ ಅವನೂ ಜೊತೆಗೆ ಬಂದ. ಒಣಹಳ್ಳದ ತಂಗಡಿ ಪೊದೆಯಲ್ಲಿ ಅದು ಮಲಗಿತ್ತು. ಜೀವ ಇತ್ತು. ನಮ್ಮನ್ನು ಕಂಡು ಏಳಲು ನೋಡಿತು, ಮುಂಗಾಲು ಮಾತ್ರ ಎದ್ದವು. ಕೊಂಬು ಹಿಡಿದು ಕೆಲಸ ಮುಗಿಸಿದೆ. ಆಮೇಲೆ ಅಲ್ಲೇ ಕೂತು ಮಗುವಿನ ಹಾಗೆ ಅತ್ತೆ. ಕುರಿಗಾಹಿ ಮುದುಕ ದೂರ ನಿಂತು ತನ್ನ ಕುರಿಗಳನ್ನು ನೋಡುತ್ತಿದ್ದ. ಬಾಣ ಕಿತ್ತು ತೊಳೆದು ಟವಲಿನಲ್ಲಿ ಸುತ್ತಿಕೊಂಡೆ, ಚಿಗರಿಯನ್ನು ಅವನಿಗೇ ಬಿಟ್ಟು ಹೊರಟೆ.

ಗಡಿಕಲ್ಲಿನ ಹತ್ತಿರ ಮಾವನ ಮಗ ಇರಲಿಲ್ಲ. ನನ್ನ ಬಿಲ್ಲೂ ಇರಲಿಲ್ಲ.

ಊರಿಗೆ ಬಂದಾಗ ಮಧ್ಯಾಹ್ನ. ಕಟ್ಟೆಯ ಮೇಲೆ ಗೌಡರು ಕೂತಿದ್ದರು, ಸುತ್ತ ಏಳೆಂಟು ಜನ. ಅವನು ಕೆಳಗೆ ಎರಡು ಬಿಲ್ಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನ ಮುಖ ನೋಡಲಿಲ್ಲ.

“ಏನಪ್ಪಾ, ನಿಂದು ಗುರಿ ತಪ್ತಂತೆ?” ಎಂದರು ಗೌಡರು.

“ಯಾರಂದ್ರು ಗೌಡ್ರ?”

“ಇಗಾ, ನಿಮ್ಮೋನೇ ಹೇಳ್ದ. ನಂಗೆ ಹುಷಾರಿರ್ಲಿಲ್ಲ, ನಮ್ ಭಾವನೇ ಹೋಗಿದ್ದ, ಗಾಯ ಮಾಡಿ ಬಿಟ್ಟ ಅಂತ.”

ನಾನು ಕೂಗಾಡಬಹುದೆಂದು ಜನ ಕಾಯುತ್ತಿದ್ದರು. ಟವಲು ಬಿಚ್ಚಿ ಬಾಣವನ್ನು ಕಟ್ಟೆಯ ಮೇಲಿಟ್ಟೆ. ನಮ್ಮಲ್ಲಿ ಪ್ರತಿಯೊಬ್ಬನ ಬಾಣಕ್ಕೂ ಗರಿಯ ಕೆಳಗೆ ಬೇರೆ ಬೇರೆ ಬಣ್ಣದ ನೂಲು ಸುತ್ತಿರುತ್ತೇವೆ. ನನ್ನದು ಕೆಂಪು, ಅವನದು ಕಪ್ಪು. ಗೌಡರು ಆ ಬಾಣವನ್ನು ನೋಡಿದರು, ಅವನ ಬತ್ತಳಿಕೆಯನ್ನು ನೋಡಿದರು, ನನ್ನದನ್ನೂ ನೋಡಿದರು.

“ಬಾಣ ಅವಂದ್ರಿ. ಮಾತು ಕೊಟ್ಟಾಂವ ನಾನು. ಗಾಯದ್ದನ್ನ ಹುಡಿಕಿ ಮುಗಿಸಿ ಬಂದೀನ್ರಿ, ನಿಮ್ಮ ಕುಂಟಿಗೆ ಬರಂಗಿಲ್ಲ. ನಾವು ಹೋಗ್ತೀವ್ರಿ” ಎಂದೆ.

ಗೌಡರು ಬಾಣವನ್ನು ನನ್ನ ಕಡೆ ಸರಿಸಿದರು. “ಹುಡಿಕ್ಕಂಡು ಹೋದ್ಯಲ್ಲ, ಅದು ದೊಡ್ಡದು. ಆದ್ರೆ ಆಡಿದ್ ಮಾತು ನಿಂದೇ ಕಣಪ್ಪಾ” ಎಂದರು. ಊಟ ಮಾಡಿಸಿಯೇ ಕಳಿಸಿದರು. ಬೇಡ ಎಂದರೂ ಒಂದು ಪಡಿ ರಾಗಿ ಕಟ್ಟಿಕೊಟ್ಟರು. ಹೀಗೆ ಮರ್ಯಾದೆಯಿಂದ ಬಾಗಿಲು ಹಾಕಿದರೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ಉರಿಯುತ್ತದೆ.

ಐದು ದಿನ ನಾನು ಮುಂದೆ, ಅವನು ಹತ್ತು ಮಾರು ಹಿಂದೆ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಅಂಜಿ ಸುಳ್ಳು ಹೇಳಿದ, ಅದು ಅರ್ಥವಾಗುತ್ತದೆ. ಆದರೆ ಇಪ್ಪತ್ತು ದಿನ ಬಳೆಯ ನಡುವಿಗೆ ನಾಟಿದ ಕೈ ಅವತ್ತು ಗೇಣು ಹಿಂದೆ ಹೇಗೆ ಹೋಯಿತು? ನಾನೇ ಬಗ್ಗಿ ನೋಡಿದ್ದೆ. ನನ್ನ ಕಣ್ಣು ಕುರುಡೇ?

ರಾಯದುರ್ಗ ಸೇರಿದ ಮರುದಿನ ಮಾವನ ಮನೆಗೆ ಹೋದೆ. ಮಾವ ಕೆರೆ ಕಡೆ ಹೋಗಿದ್ದರು. ಅತ್ತೆ ಹಿತ್ತಲಿನಲ್ಲಿ ಕುಳ್ಳಿನ ಒಟ್ಟಿಲಿನಿಂದ ಒಲೆಗೆ ಕುಳ್ಳು ತೆಗೆಯುತ್ತಿದ್ದಳು. ನಾನೂ ಕೈ ಹಾಕಿ ಎರಡು ಎತ್ತಿಕೊಂಡೆ. ಕೈಗೆ ತೂತು ಸಿಕ್ಕಿತು. ತಿರುಗಿಸಿ ನೋಡಿದೆ. ನಡುವಿನಲ್ಲಿ ಐದು ತೂತು ಒತ್ತೊತ್ತಾಗಿ. ಕೆಳಗೆ, ಅಂಚಿಗೆ, ಒಂದೇ ಒಂದು ತೂತು. ಇನ್ನೊಂದು ಕುಳ್ಳು ತೆಗೆದೆ. ಅದರಲ್ಲೂ ಹಾಗೆಯೇ. ಮೂರನೆಯದು, ನಾಲ್ಕನೆಯದು. ಪ್ರತಿಯೊಂದರಲ್ಲೂ ಕೆಳಗೆ ಒಂದು, ನಡುವಿನಲ್ಲಿ ನಾಲ್ಕೋ ಐದೋ.

“ಇವೇನು ಅತ್ತಿ ತೂತು?”

“ಅಯ್ಯ, ನಿನಗ ಗೊತ್ತಿಲ್ಲೇನು? ನಮ್ಮಾಂವ ದಿನಾ ನಸುಕಿನ್ಯಾಗ ಇಲ್ಲೇ ಹಿತ್ತಲದಾಗ ಹೊಡಿತಿದ್ದನಲ್ಲಪ್ಪ, ಏರಿಗೆ ನಿನ್ನ ಹಂತ್ಯಾಕ ಬರೋಕ ಮೊದ್ಲು. ಕೈ ಹದ ಆಗ್ಲಿ ಅಂತ.”

“ಮಾವಗ ಗೊತ್ತಿತ್ತೇನು?”

“ಗೊತ್ತೇನು ಬಂತು? ಅವರ ಕುಂತು ಹೊಡಸ್ತಿದ್ರು.”

ಪಾಪದ ಹೆಂಗಸು, ಏನು ಹೇಳುತ್ತಿದ್ದೇನೆಂದು ಅವಳಿಗೆ ತಿಳಿಯದು. ನಾನು ಕುಳ್ಳಿನ ಒಟ್ಟಿಲಿಗೆ ಒರಗಿ ಕೂತುಬಿಟ್ಟೆ. ಕೆಳಗಿನ ತೂತು ಅವನ ಮೊದಲ ಬಾಣ. ತಣ್ಣಗಿನ ಕೈ ಹೆದೆಯನ್ನು ಪೂರ್ತಿ ಎಳೆಯದೆ ಬಿಡುತ್ತಿತ್ತು. ಎಲ್ಲ ಬೆಳಗೂ ಅವನ ಮೊದಲ ಬಾಣ ಬಳೆಯ ಹೊರಗೇ. ಮೈ ಬೆವರುವವರೆಗೆ ಹೊಡೆದು, ಹೆದೆ ಏರಿಸಿಕೊಂಡೇ ಬಂದು, ಆರನೆಯದೋ ಏಳನೆಯದೋ ಬಾಣವನ್ನು ಮೊದಲನೆಯದೆಂದು ನನ್ನ ಮುಂದೆ ಬಿಟ್ಟಿದ್ದ. ತಂದೆ ಮಗ ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ದರು. ಅದೂ ನನ್ನ ಮಾತಿಗೆ ಕೇರಿಯಲ್ಲಿ ಬೆಲೆಯಿದೆ ಎಂಬ ಕಾರಣಕ್ಕೇ ನನ್ನನ್ನು ಆರಿಸಿ.

ಮಾವ ಬಂದರು. ನನ್ನ ಕೈಯಲ್ಲಿದ್ದ ಕುಳ್ಳು ನೋಡಿದರು. ಅವರಿಗೆ ದೂರದ್ದು ಮಂಜು, ಹತ್ತಿರದ್ದು ಚೆನ್ನಾಗಿಯೇ ಕಾಣುತ್ತಿತ್ತು.

“ಯಾಕ ಮಾವ? ನನಗ ಒಂದು ಮಾತು ಹೇಳಿದ್ರ ಆಗ್ತಿರಲಿಲ್ಲೇನ್ರಿ? ಇನ್ನೊಂದು ತಿಂಗಳು ಕಾಯ್ತಿದ್ದೆ, ಬ್ಯಾರೆಯವರನ್ನ ಕರಕೊಂಡು ಹೋಗ್ತಿದ್ದೆ. ಎಂಟು ಮನಿ ಅನ್ನ ಹೋತಲ್ರಿ!” ಎಂದೆ.

ಮಾವ ನನ್ನ ಪಕ್ಕದಲ್ಲಿ ಕೂತರು. ಸಿಟ್ಟಿಲ್ಲ, ನಾಚಿಕೆಯೂ ಇಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: “ಕೆಲಸಕ್ಕ ಬಿದ್ರ ಕೈ ತಾನ ಕುಂದರ್ತದ ಅಂದ್ಕಂಡೆ. ನಿಂದು ಕುಂತಿಲ್ಲೇನು?”

“ನಂದು? ನಾ ಇಪ್ಪತ್ತು ಹೊಡದು ಹೋದಾಂವ!”

“ಹತ್ತೊಂಬತ್ತು” ಎಂದರು ಮಾವ.

ಕೈಯಲ್ಲಿದ್ದ ಕುಳ್ಳನ್ನು ಕೆಳಗಿಟ್ಟೆ.

“ಹನ್ನೊಂದನೇ ದಿನ ನಿಂದು ಹೊರಗಿತ್ತು. ಒಂದು ಬೆರಳು. ನಾ ಒಳಗ ಅಂದೆ. ನಿಮ್ಮವ್ವ ಹೋಗಿ ತಿಂಗಳೂ ಆಗಿರಲಿಲ್ಲ. ಮತ್ತ ಒಂದರಿಂದ ಶುರು ಮಾಡಪ್ಪ ಅನ್ನಾಕ ನನಗ ಬಾಯಿ ಬರಲಿಲ್ಲ. ಏನಾತು ಹೇಳು? ಆರೇಳು ವರ್ಷ ಹೊಡದಿ, ಉಂಡಿ, ಹೆಸರು ತಗಂಡಿ.”

ಏನಾಯಿತು ಎಂದು ನಾನು ಅವರಿಗೆ ಹೇಳಲಿಲ್ಲ. ಬೆಳುಗುಪ್ಪದ ಬಯಲಿನಲ್ಲಿ ಮೂರು ಚಿಗರಿ ನನ್ನ ಬಾಣ ಸಿಕ್ಕಿಸಿಕೊಂಡು ಹೋಗಿ ಸಿಗದೇ ಹೋಗಿದ್ದವು. ಒಂದಕ್ಕೆ ಗಾಳಿ ಎಂದಿದ್ದೆ. ಒಂದಕ್ಕೆ ಎತ್ತು ಅಲುಗಾಡಿತು ಎಂದಿದ್ದೆ. ಇನ್ನೊಂದಕ್ಕೆ ಏನು ಹೇಳಿದ್ದೆನೋ ನೆನಪಿಲ್ಲ. ಆಗ ಯಾರೂ ನನ್ನನ್ನು ಕೇಳಿರಲಿಲ್ಲ, ನಾನು ಇಪ್ಪತ್ತು ದಾಟಿದವನಲ್ಲವೇ? ಅವನಿಗಾಗಿ ಮಾಡಿದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ನನಗಾಗಿ ಮಾಡಿದ್ದನ್ನು ಇವತ್ತಿಗೂ ನುಂಗಲಾಗಿಲ್ಲ. ಯಾವ ನೆಲದ ಮೇಲೆ ನಿಂತು ಅವನ ಮೇಲೆ ಕೈ ಎತ್ತಿದ್ದೆನೋ ಆ ನೆಲವನ್ನೇ ಮಾವ ಎಳೆದುಬಿಟ್ಟರು. ಅದೂ ಪ್ರೀತಿಯಿಂದ, ಎಲೆಗೆ ಸುಣ್ಣ ಹಚ್ಚುತ್ತ.

ಎದ್ದು ಬಂದೆ. ಅತ್ತೆ ಊಟಕ್ಕೆ ಕರೆದದ್ದು ಕೇಳಿಸಿತು, ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಏರಿಗೆ ಹೋದೆ. ಕುಳ್ಳು ಆನಿಸಿ, ಬಳೆ ಬರೆದು, ಮೂವತ್ತು ಹೆಜ್ಜೆ ಎಣಿಸಿ ಗೆರೆ ಎಳೆದೆ. ಬೆರಳು ಚಳಿಗೆ ಮರಗಟ್ಟಿದ್ದವು. ಗೆರೆಯ ಮೇಲೆ ನಿಂತು ಹೆದೆ ಏರಿಸಿದೆ. ಒಂದೇ ಬಾಣ ಬಿಟ್ಟೆ. ಕುಳ್ಳಿನ ಹತ್ತಿರ ಯಾರೂ ಇರಲಿಲ್ಲ. ಯಾರನ್ನು ನಿಲ್ಲಿಸಲಿ? ಹಿರಿಯರ ಕಟ್ಟುಪಾಡು ಮುರಿದು ಗೆರೆ ದಾಟಿದೆ. ನಾನೇ ನಡೆದು ಹೋಗಿ ಬಗ್ಗಿ ನೋಡಿದೆ.

ಬಳೆಯ ಸುಣ್ಣಕ್ಕೆ ತಾಗಿಯೂ ತಾಗದ ಹಾಗೆ, ಅರ್ಧ ಬೆರಳು ಆಚೆ. ಕಣ್ಣು ಆಗಲೇ ನನ್ನ ಪರವಾಗಿ ವಾದ ಹೂಡತೊಡಗಿತ್ತು. ಮಾವನ ಮನೆ ಏರಿಯ ಕೆಳಗೇ, ಹಿತ್ತಲಿನಲ್ಲಿ ಹೊಗೆ ಏಳುತ್ತಿತ್ತು. ಅಲ್ಲಿಗೆ ಕೇಳಿಸುವಷ್ಟು ಜೋರಾಗಿ ಕೂಗಿದೆ:

“ಹೊರಗ!”